ಜೀವಕೋಶಗಳ ದೂತಕಾರ್ಯವೂ ಪಾಠಶಾಲೆಯ ಹೊಣೆಯೂ

ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಮೂರು ಬಗೆಯ ದೂತರನ್ನು ಹೇಳಿದ್ದಾನೆ. ಸಕಲ ಅಧಿಕಾರವನ್ನೂ ಪಡೆದು ಹೋಗುವವನು ನಿಸೃಷ್ಟಾರ್ಥ. ಗೊತ್ತಾದ ಕಾರ್ಯಕ್ಕಷ್ಟೇ ಅಧಿಕಾರವುಳ್ಳವನು ಪರಿಮಿತಾರ್ಥ. ಒಡೆಯನ ಓಲೆಯನ್ನು ಒಯ್ದು ಮುಟ್ಟಿಸುವುದಷ್ಟೇ ಕೆಲಸವಾದವನು ಶಾಸನಹರ. ಮಾನವದೇಹದ ಜೀವಕೋಶಗಳು ತಮ್ಮ ತಮ್ಮಲ್ಲಿ ನಡೆಸುವ ವ್ಯವಹಾರವನ್ನು ಆಧುನಿಕ ವಿಜ್ಞಾನದ ಮೂಲಕ ಅರಿತವರಿಗೆ ಈ ಮೂರನೆಯ ದೂತನ ನೆನಪು ಬಾರದಿರದು. ಗ್ರಂಥಿಯಲ್ಲಿ ಹುಟ್ಟಿ, ರಕ್ತದಲ್ಲಿ ಹರಿದು, ದೂರದ ಕೋಶಕ್ಕೆ ಸಂದೇಶ ಮುಟ್ಟಿಸುವ ಹಾರ್ಮೋನಿಗೆ ಕನ್ನಡದಲ್ಲಿ ರಸದೂತವೆಂಬ ಸೊಗಸಾದ ಹೆಸರೂ ಇದೆ.

ಆದರೆ ತರಗತಿಯಲ್ಲಿ ಈ ದೂತನಿಗೆ ಸಲ್ಲುತ್ತಿರುವ ಸತ್ಕಾರವು ಶೋಚನೀಯ. ಗ್ರಂಥಿಯ ಹೆಸರು, ರಸದ ಹೆಸರು, ಅದರ ಕಾರ್ಯ ಎಂದು ಮೂರು ಸಾಲುಗಳ ಪಟ್ಟಿ ಕರಿಹಲಗೆಯ ಮೇಲೆ ಮೂಡುತ್ತದೆ. ವಿದ್ಯಾರ್ಥಿಯು ಕಂಠಪಾಠ ಮಾಡುತ್ತಾನೆ. ಪರೀಕ್ಷೆ ಮುಗಿದೊಡನೆ ಮರೆಯುತ್ತಾನೆ. ಸಂದೇಶವನ್ನು ಕೇಳಿದವರು ಯಾರು, ಒಳಗೆ ಒಯ್ದವರು ಯಾರು, ಕಾರ್ಯ ಮುಗಿದ ಮೇಲೆ ಅದನ್ನು ನಿಲ್ಲಿಸಿದವರು ಯಾರು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಇದು ಅಲ್ಪವಾದ ಕೊರತೆಯಲ್ಲ. ಸಂದೇಶವು ಆರಂಭವಾಗುವುದೆಷ್ಟು ಮುಖ್ಯವೋ ಅಂತ್ಯವಾಗುವುದೂ ಅಷ್ಟೇ ಮುಖ್ಯ. ಇದನ್ನರಿತವನು ಒಂದು ಪ್ರಾಣವನ್ನು ಉಳಿಸಬಲ್ಲನು.

ಭಯವಾದಾಗ ಸ್ರವಿಸುವ ಅಡ್ರಿನಲೀನನ್ನು ನೋಡಬಹುದು. ಅದು ಯಕೃತ್ತಿನ ಕೋಶದ ಬಾಗಿಲಿಗೆ ಬಂದು ನಿಲ್ಲುತ್ತದೆಯೇ ಹೊರತು ಒಳಗೆ ಕಾಲಿಡುವುದಿಲ್ಲ. ಕೋಶದ ಪೊರೆಯಲ್ಲಿ ನಾಟಿಕೊಂಡಿರುವ ಗ್ರಾಹಕವೆಂಬ ಪ್ರೋಟೀನು ಅದನ್ನು ಗುರುತಿಸಿ, ಒಳಬದಿಯ ಜಿ-ಪ್ರೋಟೀನನ್ನು ಎಚ್ಚರಿಸುತ್ತದೆ. ಅದು ಒಂದು ಕಿಣ್ವವನ್ನು ಪ್ರೇರಿಸಲು, ಕಿಣ್ವವು ಸೈಕ್ಲಿಕ್ ಎ.ಎಂ.ಪಿ. ಎಂಬ ವಸ್ತುವನ್ನು ತಯಾರಿಸುತ್ತದೆ. ಒಳಮನೆಯಲ್ಲಿ ಸುದ್ದಿ ಹರಡುವ ಎರಡನೆಯ ದೂತನೇ ಇದು. ಅಮೆರಿಕದ ಅರ್ಲ್ ಸದರ್ಲೆಂಡರು 1950ರ ದಶಕದಲ್ಲಿ ಇದನ್ನು ಕಂಡುಹಿಡಿದು 1971ರಲ್ಲಿ ನೊಬೆಲ್ ಪುರಸ್ಕಾರ ಪಡೆದರು. ಜಿ-ಪ್ರೋಟೀನನ್ನು ಬೆಳಕಿಗೆ ತಂದ ಗಿಲ್ಮನ್ ಮತ್ತು ರಾಡ್‌ಬೆಲ್ ಅವರಿಗೆ 1994ರಲ್ಲಿ ಅದೇ ಗೌರವ ದೊರೆಯಿತು. ಈ ಜಿ-ಪ್ರೋಟೀನಿಗೆ ಒಂದು ವಿಶೇಷ ಗುಣವುಂಟು. ಎಚ್ಚರಗೊಂಡ ಸ್ವಲ್ಪ ಹೊತ್ತಿನಲ್ಲಿಯೇ ಅದು ತಾನಾಗಿ ಶಾಂತವಾಗುತ್ತದೆ. ಸಂದೇಶಕ್ಕೆ ಮಂಗಳ ಹಾಡುತ್ತದೆ.

ಈ ಮಂಗಳವನ್ನೇ ತಪ್ಪಿಸುವ ಶತ್ರುವೊಂದಿದೆ. ಕಾಲರಾ ರೋಗಾಣುವು ಕರುಳಿನಲ್ಲಿ ಒಂದು ವಿಷವನ್ನು ಸ್ರವಿಸುತ್ತದೆಂಬುದನ್ನು 1959ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟವರು ಕಲಕತ್ತೆಯ ಶಂಭುನಾಥ ಡೇ. ಆ ವಿಷವು ಬಾಗಿಲಲ್ಲಿ ನಿಲ್ಲುವ ದೂತನಲ್ಲ. ಒಳನುಗ್ಗಿ, ಜಿ-ಪ್ರೋಟೀನು ತಾನಾಗಿ ಶಾಂತವಾಗುವ ಶಕ್ತಿಯನ್ನೇ ಕೆಡಿಸುತ್ತದೆಂಬುದು ಮುಂದಿನ ಸಂಶೋಧನೆಗಳಿಂದ ತಿಳಿಯಿತು. ಎರಡನೆಯ ದೂತನ ಉತ್ಪತ್ತಿ ನಿಲ್ಲದೆ ಸಾಗುತ್ತದೆ. ಕರುಳಿನ ಕೋಶಗಳು ಲವಣವನ್ನೂ ಅದರೊಡನೆ ನೀರನ್ನೂ ಹೊರಕ್ಕೆ ಸುರಿಯುತ್ತಲೇ ಇರುತ್ತವೆ. ತೀವ್ರವಾದ ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗಬಹುದು. ರೋಗಿಯನ್ನು ಕೊಲ್ಲುವುದು ಈ ಜಲನಷ್ಟವೇ.

ಅದೃಷ್ಟವಶಾತ್, ಶತ್ರುವು ಮುಟ್ಟಲಾರದ ಇನ್ನೊಂದು ಬಾಗಿಲು ಅದೇ ಕೋಶದಲ್ಲಿದೆ. ಗ್ಲೂಕೋಸು ಮತ್ತು ಸೋಡಿಯಂ ಜೊತೆಜೊತೆಯಾಗಿ ಬಂದರೆ ಮಾತ್ರ ಅದು ತೆರೆಯುತ್ತದೆ. ಅವುಗಳ ಹಿಂದೆ ನೀರೂ ಒಳಸೇರುತ್ತದೆ. ಈ ಜೋಡಿಪಯಣದ ತತ್ತ್ವವನ್ನು 1960ರಲ್ಲಿ ರಾಬರ್ಟ್ ಕ್ರೇನರು ಪ್ರಾಗ್ ನಗರದಲ್ಲಿ ಮಂಡಿಸಿದರು. ಅದೇ ದಶಕದಲ್ಲಿ ಢಾಕಾ ಮತ್ತು ಕಲಕತ್ತೆಗಳ ವೈದ್ಯರು ಬಾಯಿಂದ ಕುಡಿಸುವ ದ್ರಾವಣವನ್ನು ರೋಗಿಗಳಲ್ಲಿ ಪರೀಕ್ಷಿಸಿದರು. 1971ರಲ್ಲಿ ಪೂರ್ವ ಬಂಗಾಳದಿಂದ ಹರಿದುಬಂದ ನಿರಾಶ್ರಿತರ ನಡುವೆ ಬನಗಾಂವಿನಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಲವಣಜಲವು ಸಾಲದಾದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸು, ಉಪ್ಪು, ಸೋಡಾಗಳ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಬೆರೆಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು ಮೂವತ್ತರಷ್ಟಿದ್ದ ಮರಣವು ನಾಲ್ಕಕ್ಕಿಂತ ಕೆಳಗಿಳಿಯಿತು. ತಾಯಂದಿರೂ ಒಡಹುಟ್ಟಿದವರೂ ಅಲ್ಲಿ ವೈದ್ಯರ ಕೈಗಳಾದರು.

ಇಷ್ಟು ಸೂಕ್ಷ್ಮವಾದ ವಿಷಯವು ಪ್ರೌಢಶಾಲೆಯ ಮಕ್ಕಳಿಗೆ ಬೇಕೆ, ಓ.ಆರ್.ಎಸ್. ಪುಡಿಯು ಔಷಧದ ಅಂಗಡಿಯಲ್ಲಿಯೇ ಸಿಗುತ್ತದಲ್ಲವೆ ಎಂದು ಕೆಲವರು ಕೇಳಬಹುದು. ಸಿಗುತ್ತದೆ, ನಿಜ. ಆದರೆ ಕಾರಣವರಿಯದೆ ಕಲಿತ ವಿಧಿಯು ಗಾಬರಿಯ ಗಳಿಗೆಯಲ್ಲಿ ಕೈಕೊಡುತ್ತದೆ. ಭೇದಿಯಾಗುವಾಗ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಬಾಯಾರಿದ ಮಗುವಿಗೆ ನೀರನ್ನೇ ತಪ್ಪಿಸುವವರುಂಟು. ಬರಿಯ ಉಪ್ಪುನೀರು ಕೊಟ್ಟರೆ ಸಾಕೆಂದು ನಂಬುವವರುಂಟು. ಸಕ್ಕರೆ ಹೆಚ್ಚಿದಷ್ಟೂ ಶಕ್ತಿಯೆಂದು ಸುರಿಯುವವರುಂಟು. ಸಕ್ಕರೆಯಿಲ್ಲದ ಉಪ್ಪಿಗೆ ಆ ಬಾಗಿಲು ತೆರೆಯದು. ಅತಿಯಾದ ಸಕ್ಕರೆಯು ನೀರನ್ನು ಕರುಳಿಗೇ ಎಳೆದುಕೊಳ್ಳುತ್ತದೆ. ಒಂದು ಲೀಟರು ಕಾಯಿಸಿ ಆರಿಸಿದ ನೀರು, ತಲೆ ಸಮಮಾಡಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಅಳತೆಯ ಹಿಂದಿರುವ ಮರ್ಮವನ್ನು ಒಮ್ಮೆ ಅರಿತ ಹುಡುಗಿಯು ಅದನ್ನು ಮರೆಯಳು, ಮಿತಿಯನ್ನೂ ಮೀರಳು. ಕುಡಿಯಲಾರದಷ್ಟು ನಿತ್ರಾಣನಾದವನನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬುದನ್ನೂ ಅವಳು ಬಲ್ಲಳು. ವಿಷ ತಗುಲಿದ ಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಹೊಸವು ಹುಟ್ಟುತ್ತವೆ. ಅಲ್ಲಿಯವರೆಗೆ ನೀರೂ ಲವಣವೂ ತೀರದಂತೆ ಕಾಯುವುದೇ ಚಿಕಿತ್ಸೆಯ ಸಾರ.

ಆದುದರಿಂದ ಅಧ್ಯಾಪಕರು ರಸದೂತಗಳ ಪಟ್ಟಿಯನ್ನು ಬರೆಸುವ ಮುನ್ನ ಈ ಒಂದು ಕಥೆಯನ್ನು ಹೇಳುವುದು ಉಚಿತ. ತರಗತಿಯ ಮೇಜಿನ ಮೇಲೆ ದ್ರಾವಣವನ್ನು ಮಕ್ಕಳ ಕೈಯಿಂದಲೇ ಅಳೆಸಿ ಕಲಸಿಸುವುದು ಇನ್ನೂ ಉಚಿತ. ಇದಕ್ಕೆ ಬೇಕಾದದ್ದು ಒಂದು ಪಾತ್ರೆ, ಒಂದು ಚಮಚ, ಒಂದು ತಾಸು. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾಗಿರುವವರು ವರ್ಷಕ್ಕೊಮ್ಮೆ ಬಂದು ಈ ಪಾಠಕ್ಕೆ ನೆರವಾಗಬಹುದು. ವಿದ್ಯಾಸಂಸ್ಥೆಗಳಿಗೆ ಕಟ್ಟಡಗಳನ್ನು ಕಟ್ಟಿಸಿಕೊಟ್ಟ ದಾನಿಗಳ ಉಪಕಾರವು ಚಿರಸ್ಮರಣೀಯ; ಆ ಕಟ್ಟಡದೊಳಗೆ ನಡೆಯುವ ಪ್ರಯೋಗಕ್ಕೂ ಅವರ ಔದಾರ್ಯದ ಒಂದು ಪಾಲು ಸಲ್ಲಲಿ. ಓಲೆಯನ್ನು ಮುಟ್ಟಿಸಿದೊಡನೆ ಶಾಸನಹರನ ಕೆಲಸ ಮುಗಿಯುತ್ತದೆ. ಗುರುವಿನ ಕೆಲಸವಾದರೋ ಕೇಳಿದವನು ಅದರಂತೆ ನಡೆಯಬಲ್ಲವನಾದಾಗ ಮಾತ್ರ ಮುಗಿದಂತೆ.