ಅನುಮಾನ ಇದ್ದರೂ ಬರೆಯೋಣ

‘ನಿನ್ನ ಮೇಲೆ ನಿನಗೆ ನಂಬಿಕೆ ಇರಲಿ’ ಎಂಬ ಮಾತನ್ನು ನಾವು ವರ್ಷಕ್ಕೆ ಎಷ್ಟು ಸಲ ಕೇಳುತ್ತೇವೋ ಲೆಕ್ಕವಿಲ್ಲ. ಸ್ವಾಗತ ಸಮಾರಂಭದಲ್ಲಿ ಕೇಳುತ್ತೇವೆ, ಬೀಳ್ಕೊಡುಗೆಯಲ್ಲಿ ಕೇಳುತ್ತೇವೆ, ಪರೀಕ್ಷೆ ಹತ್ತಿರ ಬಂದಾಗ ಇನ್ನೂ ಜೋರಾಗಿ ಕೇಳುತ್ತೇವೆ. ಒಳ್ಳೆಯ ಮಾತೇ. ಆದರೆ ಕಾದಂಬರಿ ಬರೆಯಲು ಕೂತವರಿಗೆ ಇದು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ನಂಬಿಕೆ ಬಂದ ಮೇಲೆ ಬರೆಯುತ್ತೇನೆ ಎಂದು ಕಾದರೆ ನೋಟ್‌ಬುಕ್ ಖಾಲಿಯಾಗಿಯೇ ಉಳಿಯುತ್ತದೆ.

ನಾನು ದ್ವಿತೀಯ ಪಿಯು ಕಲಾ ವಿಭಾಗದ ವಿದ್ಯಾರ್ಥಿನಿ. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಬರುತ್ತೇನೆ. ಬೇಸಿಗೆ ರಜೆಯಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವನ ಮಗಳು ಮದುವೆಯಾಗಿ ಕೌಲ್ ಬಜಾರಿಗೆ ಬಂದು, ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುತ್ತಾ ಸಂಸಾರ ಮಾಡುವ ಕತೆ. ಅರವತ್ತು ಪುಟ ಆಗಿದೆ. ಬರೆಯುವವರು ನಾನೊಬ್ಬಳೇ ಅಲ್ಲ. ನನ್ನಂಥವರು ಈ ಕಾಲೇಜಿನಲ್ಲಿ ಇನ್ನೂ ನಾಲ್ಕೈದು ಜನ ಇದ್ದಾರೆ. ಯಾರಾದರೂ ಹತ್ತಿರ ಬಂದರೆ ಅವರು ನೋಟ್‌ಬುಕ್ ಮುಚ್ಚಿಕೊಳ್ಳುವ ರೀತಿಯಲ್ಲೇ ಗೊತ್ತಾಗುತ್ತದೆ. ಈ ಲೇಖನ ಅವರಿಗಾಗಿ.

ನಮ್ಮಲ್ಲಿ ಮೊದಲು ಹುಟ್ಟುವ ಅನುಮಾನ ಭಾಷೆಯದು. ಮನೆಯಲ್ಲಿ ದಖ್ಖನಿ, ಸಂತೆಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ. ನನ್ನ ಕನ್ನಡ ಕಾದಂಬರಿ ಬರೆಯುವಷ್ಟು ಶುದ್ಧವೇ ಎಂದು ಪ್ರತಿ ಸಾಲಿಗೂ ಅನಿಸುತ್ತದೆ. ಇದಕ್ಕೆ ಉತ್ತರ ನಮ್ಮ ಸಾಹಿತ್ಯದಲ್ಲೇ ಇದೆ. ಬಾನು ಮುಷ್ತಾಕ್ ಅವರು ಉರ್ದು ಮನೆಮಾತಿನವರು. ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ ಸೇರಿದಾಗ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತು ಇತ್ತು. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ, ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಸಂಕಲನದ ಹನ್ನೆರಡು ಕತೆಗಳು 1990ರಿಂದ 2023ರವರೆಗೆ ಬರೆದವು. ಸುದ್ದಿವಾಹಿನಿಯಲ್ಲಿ ನಾವು ನೋಡಿದ್ದು ಒಂದು ರಾತ್ರಿಯ ಚಪ್ಪಾಳೆ. ಅದರ ಹಿಂದೆ ಮೂವತ್ತು ವರ್ಷಕ್ಕೂ ಹೆಚ್ಚಿನ ಬರವಣಿಗೆ ಇತ್ತು.

ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರದು ಮಲಯಾಳಂ ಮನೆಮಾತು. ಮದುವೆ, ಮಕ್ಕಳು, ಮನೆವಾರ್ತೆ ಎಲ್ಲವೂ ಆದ ಮೇಲೆ ಅವರು ಬರೆಯಲು ಶುರು ಮಾಡಿದರು. ಮೊದಲ ಕಾದಂಬರಿ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1984ರಲ್ಲಿ ಪುಸ್ತಕವಾಯಿತು. ಆಗ ಅವರಿಗೆ ಸುಮಾರು ನಲವತ್ತೆಂಟು ವರ್ಷ. ಹದಿನೇಳು ವರ್ಷಕ್ಕೇ ‘ನನ್ನಿಂದ ಆಗಲ್ಲ’ ಎಂದು ತೀರ್ಪು ಕೊಟ್ಟುಕೊಳ್ಳುವ ನಾವು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ನಮ್ಮೂರ ಮಾತು ಪುಸ್ತಕಕ್ಕೆ ಸಲ್ಲುತ್ತದೆಯೇ ಎಂಬುದು ಇನ್ನೊಂದು ಅನುಮಾನ. ಕೊಟ್ಟೂರಿನ ಕುಂ. ವೀರಭದ್ರಪ್ಪ ಅವರನ್ನು ಓದಿದರೆ ಅದು ಹೋಗುತ್ತದೆ. ಕೊಟ್ಟೂರು ಈಗ ವಿಜಯನಗರ ಜಿಲ್ಲೆಯಲ್ಲಿದೆ, ಮೊದಲು ನಮ್ಮದೇ ಜಿಲ್ಲೆ. ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದ ಅವರು ತೆಲುಗು ಬೆರೆತ ನಮ್ಮ ಸೀಮೆಯ ಕನ್ನಡದಲ್ಲೇ ಬರೆದರು. ‘ಅರಮನೆ’ ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಾಗಿದ್ದ ಮೇಲೆ ನನ್ನ ಕತೆಯ ಖಾಲಾ ದಖ್ಖನಿ ಬೆರೆಸಿ ಮಾತಾಡಿದರೆ ತಪ್ಪೇನು?

ಇವೆಲ್ಲ ತಿಳಿದ ಮೇಲೂ ಅನುಮಾನ ಹೋಗುವುದಿಲ್ಲ. ಅದರಲ್ಲೂ ಕಾದಂಬರಿಯ ನಡುಭಾಗದಲ್ಲಿ ಅದು ಹೆಚ್ಚು. ಸಣ್ಣ ಕತೆಯನ್ನು ಎರಡು ಮೂರು ರಾತ್ರಿಯಲ್ಲಿ ಮುಗಿಸಿ ಯಾರಿಗಾದರೂ ತೋರಿಸಬಹುದು. ಕಾದಂಬರಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಆರಂಭದ ಹುರುಪು ಮುಗಿದಿರುತ್ತದೆ, ಕೊನೆ ಕಾಣುತ್ತಿರುವುದಿಲ್ಲ, ನಡುವೆ ಹೊಗಳುವವರೂ ಇಲ್ಲ, ತಿದ್ದುವವರೂ ಇಲ್ಲ. ಆಗ ನಮ್ಮ ಅರೆಬರೆ ಪುಟವನ್ನು ಅಚ್ಚಾದ ಪುಸ್ತಕದ ಪಕ್ಕದಲ್ಲಿಟ್ಟು ನೋಡುತ್ತೇವೆ. ಅಚ್ಚಾದ ಪುಸ್ತಕ ಎಷ್ಟು ಸಲ ತಿದ್ದಿಸಿಕೊಂಡು ಬಂದಿದೆಯೋ ನಮಗೆ ಕಾಣುವುದಿಲ್ಲ. ಹೋಲಿಕೆಯೇ ಸರಿಯಿಲ್ಲ.

ನಾನು ಮಾಡುತ್ತಿರುವುದು ಇಷ್ಟು. ನೋಟ್‌ಬುಕ್ಕಿನ ಕೊನೆಯ ಹತ್ತು ಪುಟಗಳನ್ನು ಅನುಮಾನಗಳಿಗೆ ಮೀಸಲಿಟ್ಟಿದ್ದೇನೆ. ಒಂದೇ ನಿಯಮ: ಅಲ್ಲಿ ಪ್ರಶ್ನೆಯನ್ನೇ ಬರೆಯಬೇಕು. ‘ನನಗೆ ಬರೆಯಲು ಬರಲ್ಲ’ ಎಂಬುದು ಪ್ರಶ್ನೆಯಲ್ಲ, ಅದನ್ನು ಬರೆಯುವಂತಿಲ್ಲ. ‘ಮೂರನೇ ಅಧ್ಯಾಯದಲ್ಲಿ ಅವಳು ತವರಿಗೆ ಯಾಕೆ ಹೋಗಲಿಲ್ಲ?’ ಎಂಬುದು ಪ್ರಶ್ನೆ. ಅದಕ್ಕೆ ಉತ್ತರ ಹುಡುಕಬಹುದು: ಸುಗ್ಗಿ ಮುಗಿದು ಗಿರಣಿ ನಿಂತಿರಬೇಕು, ಅಪ್ಪನ ಕೈಯಲ್ಲಿ ದುಡ್ಡಿರಲಿಕ್ಕಿಲ್ಲ. ಹೀಗೆ ನನ್ನ ಮೇಲಿನ ಅನುಮಾನ ಪುಟದ ಮೇಲಿನ ಕೆಲಸವಾಗುತ್ತದೆ. ಎರಡನೆಯದು, ಇಶಾ ನಮಾಜಿನ ನಂತರ ದಿನಕ್ಕೊಂದು ಪುಟ. ಹಿಂದಿನ ಪುಟ ತಿದ್ದುವಂತಿಲ್ಲ. ಪುಟಕ್ಕೆ ಇನ್ನೂರು ಪದದಂತೆ ಆರು ತಿಂಗಳಿಗೆ ಮೂವತ್ತಾರು ಸಾವಿರ ಪದ. ಒಂದು ಚಿಕ್ಕ ಕಾದಂಬರಿಗೆ ಸಾಕು.

‘ಪರೀಕ್ಷೆ ಮುಗಿಯಲಿ, ಆಮೇಲೆ ಬರೆದುಕೋ’ ಎನ್ನುವ ಹಿರಿಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಫೀಸು ಕಟ್ಟಿ, ಬಸ್ ಪಾಸ್ ಮಾಡಿಸಿ, ನಮ್ಮನ್ನು ಇಲ್ಲಿಗೆ ಕಳಿಸುವವರಿಗೆ ಆ ಆತಂಕ ಇರಲೇಬೇಕು. ಆದರೆ ನಮ್ಮ ಎಷ್ಟೋ ಗೆಳತಿಯರಿಗೆ ಪಿಯು ನಂತರ ಮದುವೆ, ಗೆಳೆಯರಿಗೆ ದುಡಿಮೆ ಕಾದಿರುತ್ತದೆ. ‘ಆಮೇಲೆ’ ಎಂಬುದು ಎಲ್ಲರಿಗೂ ಸಿಗುವುದಿಲ್ಲ. ದಿನಕ್ಕೆ ಅರ್ಧ ಗಂಟೆ ಅಂಕಗಳನ್ನು ನುಂಗುವುದಿಲ್ಲ. ಮೊಬೈಲು ಅದಕ್ಕಿಂತ ಹೆಚ್ಚು ನುಂಗುತ್ತದೆ. ನಾವು ಬರೆದದ್ದೆಲ್ಲ ಚೆನ್ನಾಗಿಯೇ ಇರುತ್ತದೆ ಎಂದೂ ನಾನು ಹೇಳುತ್ತಿಲ್ಲ. ಚೆನ್ನಾಗಿಲ್ಲದ ಕಾದಂಬರಿಯನ್ನು ಕೊನೆಯವರೆಗೆ ಬರೆದವರಿಗೆ ಎಲ್ಲಿ ಕೆಟ್ಟಿತು ಎಂದು ಗೊತ್ತಾಗುತ್ತದೆ. ನಡುವೆ ಬಿಟ್ಟವರಿಗೆ ಅದೂ ಗೊತ್ತಾಗುವುದಿಲ್ಲ.

ಉಪನ್ಯಾಸಕರಲ್ಲಿ ಒಂದು ವಿನಂತಿ. ತಿಂಗಳಿಗೆ ಒಂದು ಪೀರಿಯಡ್ ನಮಗೆ ಕೊಡಿ. ಬರೆಯುವವರು ಎರಡೆರಡು ಪುಟ ಓದುತ್ತೇವೆ, ಉಳಿದವರು ಕೇಳಲಿ. ಗೆಳೆಯ ಗೆಳತಿಯರಲ್ಲೂ ಒಂದು ವಿನಂತಿ. ಯಾರಾದರೂ ನಿಮ್ಮ ಕೈಗೆ ನೋಟ್‌ಬುಕ್ ಕೊಟ್ಟರೆ ‘ಸೂಪರ್’ ಎಂದು ಹಿಂದಿರುಗಿಸಬೇಡಿ, ನಗಲೂ ಬೇಡಿ. ಯಾವ ಸಾಲಿನಲ್ಲಿ ಬೇಸರವಾಯಿತು, ಯಾವ ಪಾತ್ರ ನಿಮ್ಮ ಓಣಿಯವರಂತೆ ಕಂಡಿತು, ಅಷ್ಟು ಹೇಳಿ. ನನ್ನ ನೋಟ್‌ಬುಕ್ಕಿನಲ್ಲಿ ಅನುಮಾನದ ಪುಟಗಳು ಇನ್ನೂ ನಾಲ್ಕು ಖಾಲಿ ಇವೆ. ಇನ್ಶಾ ಅಲ್ಲಾಹ್, ಮುಂದಿನ ತಿಂಗಳ ಪೀರಿಯಡ್ಡಿಗೆ ಮೊದಲ ಅಧ್ಯಾಯ ತರುತ್ತೇನೆ.