ಅಂಕಿಯ ಬೀಗವೂ ಒಳಗಿರುವವರ ದಾರಿಯೂ



ಮೈಸೂರು ಸೀಮೆಯವರು ಬೀಗದ ಕೈ ಎನ್ನುವುದನ್ನು ಉತ್ತರ ಕರ್ನಾಟಕದವರು ಕೀಲಿಕೈ ಎನ್ನುತ್ತಾರೆ. ಎರಡರಲ್ಲಿಯೂ 'ಕೈ' ಉಂಟು. ಈಗ ಆ ಕೈ ಹೋಗಿ ಅಂಕಿ ಬಂದಿದೆ. ಗ್ರಂಥಾಲಯ, ವಿದ್ಯಾರ್ಥಿನಿಲಯ, ಅಂಗಡಿಗಳಿಗೆ ಕೀಪ್ಯಾಡ್ ಬೀಗ ಹಾಕಿಸುವವರು ಕಳ್ಳನ ವಿಷಯವನ್ನಷ್ಟೇ ವಿಚಾರಿಸುತ್ತಾರೆ. ಮೊದಲು ಕೇಳಬೇಕಾದುದು ಬೇರೆಯೇ ಇದೆ: ವಿದ್ಯುತ್ತು ಹೋದಾಗ ಈ ಬಾಗಿಲು ತೆರೆಯುವುದೋ, ಮುಚ್ಚಿಕೊಂಡೇ ಇರುವುದೋ?

ಇದು ಬೀಗದ ಬಗೆಯನ್ನು ಅವಲಂಬಿಸಿದೆ. ವಿದ್ಯುತ್ಕಾಂತದ ಬೀಗವು ವಿದ್ಯುತ್ತು ಹರಿಯುವ ತನಕ ಮಾತ್ರ ಬಾಗಿಲನ್ನು ಹಿಡಿದಿರುತ್ತದೆ. 280 ಕಿಲೋ ಸೆಳೆತದ, 12 ವೋಲ್ಟಿನ ಸಾಮಾನ್ಯ ಕಾಂತವೊಂದು ಸುಮಾರು ಅರ್ಧ ಆಂಪಿಯರನ್ನು ಹಗಲಿರುಳೂ ಬೇಡುತ್ತದೆ; ಅದಕ್ಕೆಂದೇ ಬ್ಯಾಟರಿಯ ಆಸರೆ. ಅಗುಳಿಯ ಬೀಗಗಳಲ್ಲಿ ಹೆಚ್ಚಿನವು ಇದಕ್ಕೆ ತದ್ವಿರುದ್ಧ: ವಿದ್ಯುತ್ತು ಬಂದಾಗ ಮಾತ್ರ ಸಡಿಲಗೊಳ್ಳುತ್ತವೆ, ಹೋದರೆ ಬಿಗಿಯಾಗಿಯೇ ಉಳಿಯುತ್ತವೆ. ಆದುದರಿಂದ ಕಾಂತದ ತಂತಿಯನ್ನು ರಿಲೇಯ ಎನ್.ಸಿ. ತುದಿಗೂ, ಅಗುಳಿಯದನ್ನು ಎನ್.ಓ. ತುದಿಗೂ ಜೋಡಿಸಬೇಕು. ಅದಲುಬದಲಾದರೆ ಬಾಗಿಲು ಸದಾ ತೆರೆದಿದ್ದು, ಅಂಕಿ ಒತ್ತಿದಾಗ ಮುಚ್ಚುವ ವಿಪರೀತವಾದೀತು!

ಪುಸ್ತಕ ಭಂಡಾರಕ್ಕೆ ಅಗುಳಿಯ ಬೀಗ ಸಾಕು, ಒಳಗೆ ಕೈಹಿಡಿ ತಿರುಗಿಸಿದರೆ ತೆರೆಯುವಂತಿರಬೇಕಷ್ಟೆ. ಆದರೆ ಜನರು ಮಲಗುವ, ನೆರೆಯುವ ಕಡೆ ಒಳಗಿನಿಂದ ಹೊರಬರಲು ಅಂಕಿ ಕೇಳುವ ಬಾಗಿಲನ್ನು ಬಾಗಿಲೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಬಿದ್ದಾಗ 59 ಜನರು ಅಸುನೀಗಿದರು. ಹೊಗೆ ತುಂಬಿದ ಬಾಲ್ಕನಿಯಿಂದ ಹೊರಹೋಗುವ ದಾರಿಗಳು ಮುಚ್ಚಿದ್ದುದು ಅದಕ್ಕೊಂದು ಮುಖ್ಯ ಕಾರಣ. ಅಂಥ ಗಳಿಗೆಯಲ್ಲಿ ಯಾರಿಗೆ ತಾನೆ ನಾಲ್ಕು ಅಂಕಿ ನೆನಪಾದೀತು? ಕಾಂತದ ಬೀಗವಿದ್ದಲ್ಲಿ ಒಳಗೊಂದು ಗುಂಡಿಯಿರಲಿ. ಅದು ಕೀಪ್ಯಾಡಿಗೆ ಸಂಕೇತ ಕಳಿಸಿ ಕಾಯುವಂತಿರದೆ, ಕಾಂತಕ್ಕೆ ಹೋಗುವ ತಂತಿಯನ್ನೇ ನೇರವಾಗಿ ಕಡಿಯುವಂತಿರಲಿ. ಹಣ ಉಳಿಸಲು ಜನರು ಬಿಡುವುದು ಹೆಚ್ಚಾಗಿ ಇದನ್ನೇ.

ಇನ್ನು ಕಳ್ಳನ ವಿಷಯ. ನಾಲ್ಕು ಅಂಕಿಗೆ 10,000 ಜೋಡಣೆಗಳಿವೆಯೆಂದು ಹಿಗ್ಗುವವರುಂಟು. ಬೆರಳು ತಾಗಿ ಸವೆದ ನಾಲ್ಕು ಗುಂಡಿಗಳನ್ನು ಕಂಡವನಿಗೆ ಉಳಿಯುವುದು 24 ಮಾತ್ರ. ಆದ್ದರಿಂದ ಅಂಕಿಯನ್ನು ಆಗಾಗ ಬದಲಿಸುತ್ತಿರಬೇಕು. ಅದಕ್ಕಿಂತ ದೊಡ್ಡ ದೋಷ, ರಿಲೇಯು ಹೊರಗಿನ ಕೀಪ್ಯಾಡಿನೊಳಗೇ ಇರುವುದು. ತಿರುಪು ಬಿಚ್ಚಿ ತಂತಿಗಳನ್ನು ಮುಟ್ಟಿದವನಿಗೆ ಅಂಕಿಯ ಹಂಗೇ ಇಲ್ಲ. ರಿಲೇಯಿರುವ ಪೆಟ್ಟಿಗೆ ಒಳಗೋಡೆಯ ಮೇಲಿರಬೇಕು. ಬೀಗದ ಸುರುಳಿಗೆ ಅಡ್ಡಲಾಗಿ, ಗೆರೆಯಿರುವ ತುದಿ ಧನ ತಂತಿಯ ಕಡೆಗಿರುವಂತೆ ಒಂದು ಡಯೋಡನ್ನೂ ಹಾಕಿಸಬೇಕು. ಇಲ್ಲವಾದರೆ ವಿದ್ಯುತ್ತು ಕಡಿದಾಗಲೆಲ್ಲ ಸುರುಳಿಯಿಂದ ಹಿಮ್ಮರಳುವ ಹೊಡೆತ ರಿಲೇಯನ್ನು ತಿಂದುಹಾಕುತ್ತದೆ.

ಕೆಲಸ ಮುಗಿದ ದಿನವೇ ಮೇನ್ ಸ್ವಿಚ್ ಆರಿಸಿ, ಬ್ಯಾಟರಿಯನ್ನೂ ಕಳಚಿ, ಒಳಗಿನಿಂದ ಬಾಗಿಲು ತೆರೆದು ನೋಡಿದ ಬಳಿಕವೇ ಕೂಲಿ ಕೊಡಿರಿ.