ಸಹಿ ತಾಳೆಯಾಯಿತು, ಪಾಸು ಮಾಡಿ!

ಪುಟಾಣಿಗಳೇ, ಕಳೆದ ಬೇಸಿಗೆ ರಜೆಯಲ್ಲಿ ಈ ತಾತನಿಂದ ಒಂದು ತಪ್ಪಾಯಿತು. ಅಮೆರಿಕದಲ್ಲಿರುವ ನನ್ನ ಕಿರಿಮಗ ತನ್ನ ಅಣ್ಣನ ಮಗನಿಗೆಂದು ಪುಟ್ಟ ರೈಲು ತಂದಿದ್ದ. ಎಚ್‌ಒ ಅಳತೆಯದು, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವೆ ಬರೀ 16.5 ಮಿಲಿಮೀಟರ್ ಜಾಗ! ಜೊತೆಗೊಂದು ಕರೆಂಟಿನ ಡಬ್ಬಿ. ಅದರ ಚಪ್ಪಟೆ ಪಿನ್ನು ನಮ್ಮ ಸಾಕೆಟ್ಟಿಗೆ ಹೊಂದಲಿಲ್ಲ. ಅಂಗಡಿಯಿಂದ ಪಿನ್ ಹೊಂದಿಸುವ ಪ್ಲಗ್ ತಂದು ಸಿಕ್ಕಿಸಿ, ಸ್ವಿಚ್ ಒತ್ತಿಯೇಬಿಟ್ಟೆ. ಡಬ್ಬಿ ಗುಂಯ್ ಎಂದಿತು, ಸುಟ್ಟ ವಾಸನೆ ಬಂತು. ಸ್ವಿಚ್ ಆರಿಸುವಷ್ಟರಲ್ಲಿ ಅದರ ಕಥೆ ಮುಗಿದಿತ್ತು. ಮೊಮ್ಮಗನ ಕಣ್ಣಲ್ಲಿ ನೀರು.

ಡಬ್ಬಿಯ ಬೆನ್ನಿಗೆ '120 ವೋಲ್ಟ್' ಎಂದು ಸ್ಪಷ್ಟವಾಗಿ ಬರೆದಿತ್ತು. ಅಮೆರಿಕದ ಮನೆಗಳಲ್ಲಿ ಬರುವುದು ಅಷ್ಟು, ನಮ್ಮಲ್ಲಿ 230. ನಾನು ತಂದ ಪ್ಲಗ್ಗು ಪಿನ್ನನ್ನು ಹೊಂದಿಸಿತೇ ಹೊರತು ವೋಲ್ಟೇಜನ್ನಲ್ಲ. ಸಹಿ ತಾಳೆ ನೋಡದೆ ಒಂದು ಚೆಕ್ಕನ್ನೂ ಪಾಸು ಮಾಡದ ಬ್ಯಾಂಕ್ ಗುಮಾಸ್ತ, ಮನೆಯಲ್ಲಿ ಎರಡು ಸಾಲು ಓದಲಿಲ್ಲ!

ಅಂದು ಕಲಿತದ್ದನ್ನು ಬ್ಯಾಂಕಿನ ಭಾಷೆಯಲ್ಲೇ ಹೇಳುತ್ತೇನೆ.

ವೋಲ್ಟ್ ಅಂದರೆ ಸಹಿ. ಅದು ತಾಳೆಯಾಗಲೇಬೇಕು. ಗೋಡೆಯ 230 ವೋಲ್ಟನ್ನು ಡಬ್ಬಿ ತಡೆದುಕೊಳ್ಳಬೇಕು. ನಮ್ಮ ರೈಲಿಗೆ ಅದು ಕೊಡಬೇಕಾದದ್ದು 12 ವೋಲ್ಟ್, ಅದೂ ಡಿ.ಸಿ. ಕರೆಂಟ್. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಅವೆರಡನ್ನು ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ ಓಡುತ್ತದೆ.

ಆಂಪಿಯರ್ ಅಂದರೆ ಖಾತೆಯಲ್ಲಿರುವ ಹಣ. 1 ಆಂಪಿಯರ್ ಎಂದು ಬರೆದಿದ್ದರೆ ಅಷ್ಟನ್ನೂ ಎಂಜಿನ್ನಿಗೆ ತುರುಕುವುದಿಲ್ಲ. ಎಂಜಿನ್ ತನಗೆ ಬೇಕಾದಷ್ಟನ್ನೇ ಡ್ರಾ ಮಾಡುತ್ತದೆ. ಅರ್ಧ ಆಂಪಿಯರ್ ಎಳೆಯುವ ಎಂಜಿನ್ನಿಗೆ 1 ಆಂಪಿಯರ್ ಧಾರಾಳ. ಎರಡು ಎಂಜಿನ್, ದೀಪದ ಬೋಗಿ ಸೇರಿಸಿದರೆ ಖರ್ಚೂ ಕೂಡುತ್ತಾ ಹೋಗುತ್ತದೆ. ಹಣ ಸಾಲದಿದ್ದರೆ ಚೆಕ್ ಬೌನ್ಸ್: ರೈಲು ಕುಂಟುತ್ತದೆ, ಅಡಾಪ್ಟರ್ ಬಿಸಿಯಾಗುತ್ತದೆ.

ಹಾಗೆಂದು 10 ಆಂಪಿಯರಿನದನ್ನು ತರಬೇಡಿ. ಎಂಜಿನ್ ಹಳಿ ತಪ್ಪಿ, ಅದರ ಲೋಹದ ಭಾಗ ಎರಡೂ ಹಳಿಗಳಿಗೆ ತಾಗಿದರೆ ಶಾರ್ಟ್ ಸರ್ಕ್ಯೂಟ್. ಖಾತೆ ದೊಡ್ಡದಿದ್ದಷ್ಟೂ ಕಳ್ಳ ದೋಚುವುದೂ ಹೆಚ್ಚು! ಶಾರ್ಟ್ ಆದಾಗ ತಾನೇ ಕರೆಂಟ್ ನಿಲ್ಲಿಸುವ, ಬಿಐಎಸ್ ಗುರುತಿರುವ ಅಡಾಪ್ಟರನ್ನೇ ಕೇಳಿ ಪಡೆಯಿರಿ. ಗೋಡೆಯ ಸಾಕೆಟ್ಟಿನ ಕೆಲಸ ಮಾತ್ರ ಯಾವತ್ತೂ ದೊಡ್ಡವರದು. ಡಬ್ಬಿಯನ್ನು ಬಿಚ್ಚಲೇಬಾರದು, ಮಕ್ಕಳೇ.

ಪುಣ್ಯಕ್ಕೆ ನಮ್ಮ ಎಂಜಿನ್ ಉಳಿದಿತ್ತು. ಇಲ್ಲೇ ಒಂದು ಅಡಾಪ್ಟರ್, ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿಯ ಕಂಟ್ರೋಲರ್ ತಂದೆವು. ಮೊಮ್ಮಗ ಅಡಾಪ್ಟರನ್ನು ನನ್ನ ಕೈಗೆ ಕೊಡಲೇ ಇಲ್ಲ. ನನ್ನ ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರ ಓದಿದ.

"ಇನ್‌ಪುಟ್ 100ರಿಂದ 240 ವೋಲ್ಟ್. ಔಟ್‌ಪುಟ್ 12 ವೋಲ್ಟ್ ಡಿ.ಸಿ., 1 ಆಂಪಿಯರ್. ಸಹಿ ತಾಳೆಯಾಯಿತು ತಾತ, ಪಾಸು ಮಾಡಿ!"

ನಾನು ಸ್ವಿಚ್ ಒತ್ತಿದೆ. ರೈಲು ಊಟದ ಮೇಜಿನ ಕಾಲು ಸುತ್ತಿಕೊಂಡು ನಮ್ಮತ್ತ ಬಂತು.